ನೀರು ಯಾರು ತಂದ್ರು?

ಮಾಯ್, ಅಂದರೆ ನನ್ನ ಅಮ್ಮ, ತೀರಿಕೊಂಡು ತಿಂಗಳ ಮೇಲಾದಾಗ ಅವಳ ಟ್ರಂಕು ತೆಗೆದೆ. ಎರಡು ಸೀರೆ, ಕೊಂಡಿ ಕಳಚಿದ ಒಂದು ಜಪಸರ, ಹಳೇ ರೇಷನ್ ಕಾರ್ಡು, ಅಣ್ಣನ ಮೊದಲ ಸಂಬಳ ಬಂದ ಖಾಲಿ ಕವರು. ಎಲ್ಲದರ ಅಡಿಯಲ್ಲಿ ಅಂಗೈಯಗಲದ ಒಂದು ಚಿತ್ರ. ಒಂದು ಮೂಲೆ ತೆಂಗಿನೆಣ್ಣೆ ಕುಡಿದು ಹಳದಿಯಾಗಿತ್ತು. ಕಪ್ಪು ಲೋಬ್, ಅಂದರೆ ಪಾದ್ರಿಗಳ ಉದ್ದ ನಿಲುವಂಗಿ, ತೊಟ್ಟ ಪಾದ್ರಿ, ಸಣಕಲು ಮುಖ, ಗಡ್ಡ, ಮೇಲೆತ್ತಿ ಹಿಡಿದ ಶಿಲುಬೆ. ಜೋಸೆಫ್ ವಾಜ್. ಮಾಯ್ ಬಾಯಲ್ಲಿ ಜುಜೆ ವಾಜ್.

ನಾನು ಕಾರವಾರದ ಕೋಡಿಬಾಗದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಯಾವ ಚಿತ್ರ ಕಂಡರೂ ಮೊದಲು ಬಟ್ಟೆ ನೋಡುವ ಚಾಳಿ. ಚಿಕ್ಕವಳಿದ್ದಾಗ ಇದೇ ಚಿತ್ರ ನೋಡಿ, ‘ಇಷ್ಟು ಒಳ್ಳೇ ಲೋಬ್ ಹಾಕಿದವರು ಬಡವರು ಹೇಗಾಗ್ತಾರೆ?’ ಎಂದು ಕೇಳಿದ್ದೆ. ಮಾಯ್ ನಕ್ಕಿದ್ದಳು. ‘ಅದು ಚಿತ್ರದವನು ಹೊಲಿದ ಲೋಬ್. ಅವರು ಸಿಲೋನಿಗೆ ಹೋಗುವಾಗ ಸೊಂಟಕ್ಕೆ ತುಂಡು ಬಟ್ಟೆ, ಅಷ್ಟೇ’ ಎಂದಿದ್ದಳು. ಸಿಲೋನ್ ಅಂದರೆ ಈಗಿನ ಶ್ರೀಲಂಕಾ. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಅವಳ ಮಾತನ್ನು ಇಲ್ಲಿ ಕನ್ನಡಕ್ಕೆ ತರುವಾಗ ಅರ್ಧ ರುಚಿ ಹೋಗುತ್ತದೆ, ಏನು ಮಾಡೋದು.

ಮಾಯ್‌ಗೆ ಈ ಕತೆ ಸಿಕ್ಕಿದ್ದು ಇಗರ್ಜಿ ಎನ್ನುವ ನಮ್ಮ ಚರ್ಚಿನಲ್ಲಲ್ಲ, ಒಂದು ಅಡುಗೆಮನೆಯ ಬಾಗಿಲಲ್ಲಿ. ಅವಳು ಸದಾಶಿವಗಡದ ಕಡೆಯವಳು. 1963ರಲ್ಲಿ, ಗೋವಾ ಪೋರ್ತುಗೀಸರ ಕೈಬಿಟ್ಟು ಎರಡು ವರ್ಷ ಆಗಿತ್ತು, ಅಜ್ಜ ಅವಳನ್ನು ಮಡಗಾಂವದ ಒಂದು ದೊಡ್ಡ ಮನೆಗೆ ಕೆಲಸಕ್ಕೆ ಬಿಟ್ಟು ಬಂದರು. ಅವಳಿಗಾಗ ಹನ್ನೊಂದು ವರ್ಷ. ಮನೆಗೆ ಹಂಚು ಹೊದಿಸಲು ಅಜ್ಜ ಮೊದಲೇ ದುಡ್ಡು ತಂದಿದ್ದರು. ಅದು ತೀರುವ ತನಕ ಇವಳು ಅಲ್ಲಿ. ಕಾಗದ ಪತ್ರ ಏನಿಲ್ಲ, ಬರೀ ಬಾಯಿಮಾತು. ತೀರಲು ಎಂಟು ವರ್ಷ ಹಿಡಿಯಿತು.

ಆ ಮನೆಯ ಮುದುಕಿ ರಾತ್ರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಜುಜೆ ವಾಜರ ಕತೆ ಹೇಳುತ್ತಿದ್ದರಂತೆ. ಮನೆಯವರೆಲ್ಲ ದೇವರ ಪೀಠದ ಮುಂದೆ ಮೊಣಕಾಲೂರಿದರೆ ಮಾಯ್ ಅಡುಗೆಮನೆ ಹೊಸ್ತಿಲಲ್ಲಿ. ಅಲ್ಲಿಂದ ಕೇಳಿಸಿಕೊಂಡ ಕತೆಯನ್ನೇ ಅವಳು ನಮಗೆ ಹೇಳಿದ್ದು. ಅದಕ್ಕೇ ಇರಬೇಕು, ಅವಳ ಕತೆಯಲ್ಲಿ ಸಂತರಿಗಿಂತ ಸಂತರ ಆಳು ಜಾಸ್ತಿ ಬರುತ್ತಿದ್ದ.

ಮೊದಲು ಸಂತರ ಕತೆಯನ್ನೇ ಹೇಳುತ್ತೇನೆ. ಕೊಂಕಣಿ ಕ್ರಿಸ್ತಾಂವರನ್ನು ಬಿಟ್ಟರೆ ನಮ್ಮ ಜಿಲ್ಲೆಯಲ್ಲಿ ಇವರ ಹೆಸರು ಕೇಳಿದವರು ಕಡಿಮೆ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬಾಣಾವಲಿಯಲ್ಲಿ, ತಾಯಿಯ ತವರುಮನೆಯಲ್ಲಿ. ಅಪ್ಪನ ಊರು ಸಾಂಕವಾಳ, ಝುವಾರಿ ನದಿಯ ದಡ. ಹಿಂದೆ ಬ್ರಾಹ್ಮಣರಾಗಿದ್ದು ಕ್ರಿಸ್ತಾಂವರಾದ ಮನೆತನ, ಉಣ್ಣಲು ಉಡಲು ಕೊರತೆ ಇರಲಿಲ್ಲ. ಊರಲ್ಲಿ ಪೋರ್ತುಗೀಸು, ಬಾಣಾವಲಿಯಲ್ಲಿ ಲ್ಯಾಟಿನ್, ಆಮೇಲೆ ಹಳೇ ಗೋವಾದಲ್ಲಿ ದೊಡ್ಡ ಓದು. 1676ರಲ್ಲಿ ಪಾದ್ರಿಯಾದರು. ಪಾದ್ರಿಯಾದವರು ಆಗ ಪಲ್ಲಕ್ಕಿ, ಬೂಟು ಎಂದು ಮೆರೆಯುತ್ತಿದ್ದ ಕಾಲ. ಇವರು ಬರಿಗಾಲಲ್ಲಿ ಓಡಾಡಿದರು.

ಮರುವರ್ಷ ಒಂದು ವಿಚಿತ್ರ ಕೆಲಸ ಮಾಡಿದರು. 1677ರ ಆಗಸ್ಟ್ 5ರಂದು ಸಾಂಕವಾಳದ ಇಗರ್ಜಿಯಲ್ಲಿ ಕೂತು ಒಂದು ಪತ್ರ ಬರೆದು ಸಹಿ ಹಾಕಿದರು. ದೇವಮಾತೆಗೆ ನನ್ನನ್ನು ನಾನೇ ಮಾರಿಕೊಂಡಿದ್ದೇನೆ, ಇನ್ನು ಸಾಯುವ ತನಕ ಅವಳ ಗುಲಾಮ ಎಂಬುದು ಅದರ ಸಾರ. ಕ್ರಯಪತ್ರದಲ್ಲಿ ಬರೆಯುವ ಹಾಗೆ, ಇದನ್ನು ನೋಡುವವರೆಲ್ಲ ತಿಳಿಯಲಿ ಎಂದೇ ಶುರುಮಾಡುತ್ತಾರೆ.

ನನಗೆ ತುಂಬಾ ವರ್ಷ ಈ ಪತ್ರ ಸೇರುತ್ತಿರಲಿಲ್ಲ. ಈಗಲೂ ಪೂರ್ತಿ ಸೇರುತ್ತದೆ ಎನ್ನಲಾರೆ. ಕನ್ನಡದಲ್ಲಿ ದಾಸ ಎಂದರೆ ಕಿವಿಗೆ ತಂಬೂರಿ ಕೇಳುತ್ತದೆ. ಪುರಂದರದಾಸರು, ಕನಕದಾಸರು ಆ ಪದವನ್ನು ಹಾಡಿ ಹಾಡಿ ಮೆತ್ತಗೆ ಮಾಡಿಟ್ಟಿದ್ದಾರೆ. ವಾಜ್ ಬರೆದದ್ದು ಎಸ್ಕ್ರಾವೊ ಎಂಬ ಪೋರ್ತುಗೀಸು ಪದ. ಆ ಕಾಲದ ಗೋವಾದಲ್ಲಿ ಎಸ್ಕ್ರಾವೊ ಎಂದರೆ ತಂಬೂರಿ ಅಲ್ಲ, ಪೇಟೆಯಲ್ಲಿ ನಿಲ್ಲಿಸಿ ಹಲ್ಲು ನೋಡಿ ಕೊಳ್ಳುವ ಮನುಷ್ಯ. ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ಜನ. ಹಾಗೆ ಬಂದವರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು ಎನ್ನುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆಯ ನಮ್ಮ ಸಿದ್ದಿಗಳ ಹಿರಿಯರು ಅವರೇ. ಕಾಡಿಗೆ ಓಡಿ ಕಳಚಿಕೊಂಡ ಹೆಸರನ್ನು ಓದಿದ ಪಾದ್ರಿಯೊಬ್ಬ ತಾನೇ ಕರೆದು ಮೈಮೇಲೆ ಹಾಕಿಕೊಂಡರೆ ಏನನ್ನಬೇಕು? ಭಕ್ತಿ ಎನ್ನಬೇಕೋ, ಹೊಟ್ಟೆ ತುಂಬಿದವರ ಮಾತು ಎನ್ನಬೇಕೋ?

ಮಾಯ್‌ಗೆ ಒಮ್ಮೆ ಹೀಗೇ ಕೇಳಿದ್ದೆ. ಅವಳು ಬಾಂಗಡೆ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ‘ಬರೆದದ್ದು ದೊಡ್ಡದಲ್ಲ. ಬರೆದ ಮೇಲೆ ಏನು ಮಾಡಿದ್ರು ನೋಡು’ ಎಂದಳು.

ಬರೆದ ಮೇಲೆ ಮಾಡಿದ್ದು ನಡಿಗೆ. 1681ರಲ್ಲಿ ಅವರನ್ನು ನಮ್ಮ ಕಡೆಗೇ ಕಳಿಸಿದರು, ಕನ್ನಡ ಕರಾವಳಿಗೆ. ಆಗ ಇಲ್ಲಿ ಕೆಳದಿಯ ಚೆನ್ನಮ್ಮನ ಆಳ್ವಿಕೆ. ಅದಕ್ಕೂ ಮೊದಲೇ ಶಿವಪ್ಪನಾಯಕ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳನ್ನು ಪೋರ್ತುಗೀಸರಿಂದ ಕಿತ್ತುಕೊಂಡಿದ್ದ. ಕೋಟೆ ಹೋದ ಮೇಲೆ ಪಾದ್ರಿಗಳೂ ಹೋದರು. ಉಳಿದ ಕ್ರಿಸ್ತಾಂವರಿಗೆ ಮಕ್ಕಳ ನಾಮಕರಣಕ್ಕೂ ದಿಕ್ಕಿಲ್ಲ, ಹೆಣ ಮಣ್ಣು ಮಾಡುವಾಗ ಪ್ರಾರ್ಥನೆ ಹೇಳುವವರೂ ಇಲ್ಲ. ಸಾಲದ್ದಕ್ಕೆ ಈ ಸೀಮೆ ಯಾರದು ಎಂದು ಪೋರ್ತುಗೀಸರ ಕಡೆಯ ಪಾದ್ರಿಗಳಿಗೂ ರೋಮಿನಿಂದ ನೇಮಕವಾದ ಬಿಷಪ್ ತೋಮಾಸ್ ದ ಕಾಸ್ತ್ರೊ ಕಡೆಯವರಿಗೂ ಜಗಳ. ಒಬ್ಬರು ಕೊಟ್ಟ ಸಂಸ್ಕಾರ ಇನ್ನೊಬ್ಬರಿಗೆ ಆಗದು. ವಾಜ್ ಮೂವತ್ತರ ಹುಡುಗ. ಎರಡೂ ಕಡೆಗೆ ತಗ್ಗಿ ಬಗ್ಗಿ, ಜನರಿಗೆ ಪೂಜೆ ತಪ್ಪದ ಹಾಗೆ ನೋಡಿಕೊಂಡರು. ಜಗಳ ಏನೂ ಮುಗಿಯಲಿಲ್ಲ ಬಿಡಿ.

ಹೊನ್ನಾವರ, ಗಂಗೊಳ್ಳಿ, ಕುಂದಾಪುರ, ಬಸರೂರು, ಮಂಗಳೂರು. ಈ ಕರಾವಳಿಯಲ್ಲಿ ನಡೆಯುವುದೆಂದರೆ ನದಿ ಎಣಿಸುವುದು. ಕಾಳಿ ದಾಟಿದರೆ ಗಂಗಾವಳಿ, ಆಮೇಲೆ ಅಘನಾಶಿನಿ, ಆಮೇಲೆ ಶರಾವತಿ. 2024ರ ಆಗಸ್ಟಿನಲ್ಲಿ ನಮ್ಮ ಕಾಳಿಯ ಹಳೇ ಸೇತುವೆ ಕುಸಿದು ಬಿತ್ತಲ್ಲ, ಆಗ ಒಂದೆರಡು ದಿನ ಸದಾಶಿವಗಡಕ್ಕೆ ಹೋಗುವುದೇ ದೊಡ್ಡ ಪ್ರಯಾಣದ ಹಾಗೆ ಅನ್ನಿಸಿತ್ತು. ದೋಣಿಗೆ ಕಾದು, ಕೆಸರಲ್ಲಿ ಇಳಿದು, ಮತ್ತೆ ನಡೆಯುವ ಕಾಲ ಹೇಗಿತ್ತೋ. ಮಂಗಳೂರಿನ ಹತ್ತಿರ ಮುಡಿಪುವಿನಲ್ಲಿ ಅವರು ಮೊಣಕಾಲೂರಿದ ಬಂಡೆಯಲ್ಲಿ ನೀರು ಚಿಮ್ಮಿತು ಎಂಬ ಐತಿಹ್ಯವಿದೆ. ಈಗಲೂ ಜನ ಬಾಟಲಿ ಹಿಡಿದು ಹೋಗುತ್ತಾರೆ. ನನಗೆ ಪವಾಡಕ್ಕಿಂತ ಆ ಕಾಲು ಸವೆದದ್ದು ದೊಡ್ಡದಾಗಿ ಕಾಣುತ್ತದೆ.

1684ರಲ್ಲಿ ಗೋವಾಕ್ಕೆ ಮರಳಿದರು. ಆಗ ಯುರೋಪಿನವರ ಸನ್ಯಾಸಿ ಸಂಘಗಳಲ್ಲಿ ಇಲ್ಲಿನವರಿಗೆ ಜಾಗ ಇರಲಿಲ್ಲ. ಎಷ್ಟೇ ಓದಿರಲಿ, ಎಷ್ಟೇ ಉಪವಾಸ ಮಾಡಲಿ, ಚರ್ಮ ಕಪ್ಪಾದರೆ ಹೊರಗೆ. ಕೆಲವು ಗೋವಾ ಪಾದ್ರಿಗಳು ಸೇರಿ ತಮ್ಮದೇ ಸಣ್ಣ ಕೂಟ ಕಟ್ಟಿಕೊಂಡರು. 1685ರಲ್ಲಿ ವಾಜ್ ಅದನ್ನು ಸೇರಿ ಹಿರಿಯರಾದರು. ಇಟಲಿಯ ಸಂತ ಫಿಲಿಪ್ ನೇರಿಯ ಕ್ರಮದ ಒರೆಟರಿ, ಅಂದರೆ ಪಾದ್ರಿಗಳ ಕೂಟ, ಅದು, ಇಲ್ಲಿಯವರೇ ನಡೆಸಿದ್ದು. ಅಲ್ಲೇ ಇದ್ದಿದ್ದರೆ ಗೌರವವಾಗಿ ಮುದುಕರಾಗಬಹುದಿತ್ತು. ಮರುವರ್ಷವೇ ಹೊರಟರು, ಸಿಲೋನಿಗೆ.

ಈಗ ಆಳು ಬರುತ್ತಾನೆ.

ಅವನ ಹೆಸರು ಜುವಾಂವ್. ವಾಜರ ಮನೆಯ ಆಳು, ಕುಣಬಿ ಜನದವನು. ಜೋಯಿಡಾ ಕಡೆ ಹೋದವರಿಗೆ ಕುಣಬಿಗಳು ಗೊತ್ತು. ಕಾಡಿನ ನಡುವೆ ಗದ್ದೆ, ಮನೆ ಹಿತ್ತಲಲ್ಲಿ ಹತ್ತಾರು ಬಗೆಯ ಗೆಡ್ಡೆಗೆಣಸು. ಗೋವಾದ ಮೂಲ ಒಕ್ಕಲು ಅವರು. ಜುವಾಂವನೂ ವಾಜರ ಜೊತೆ ಹೊರಟ. ಹೊರಟ ಎನ್ನುತ್ತಾರೆ ಎಲ್ಲರೂ. ‘ಅವನನ್ನು ಬರ್ತೀಯಾ ಅಂತ ಕೇಳಿದ್ರಾ?’ ಎನ್ನುತ್ತಿದ್ದಳು ಮಾಯ್. ‘ನನ್ನನ್ನ ಯಾರೂ ಕೇಳಿರಲಿಲ್ಲ.’

ಸಿಲೋನಿನ ಕರಾವಳಿ ಆಗ ಡಚ್ಚರ ಕೈಲಿ. 1658ರಲ್ಲಿ ಜಾಫ್ನಾ ಹಿಡಿದವರು ಕ್ಯಾಥೊಲಿಕ್ ಪಾದ್ರಿಗಳನ್ನೆಲ್ಲ ಓಡಿಸಿದ್ದರು. ಅವರೂ ಕ್ರಿಸ್ತಾಂವರೇ, ಆದರೆ ಬೇರೆ ಪಂಗಡ. ಹೆಚ್ಚುಕಡಿಮೆ ಮೂವತ್ತು ವರ್ಷ ಅಲ್ಲಿ ಒಬ್ಬ ಪಾದ್ರಿಯೂ ಇರಲಿಲ್ಲ. ಸಿಕ್ಕಿಬಿದ್ದರೆ ಗತಿ ಇಲ್ಲ. ಅದಕ್ಕೇ ಲೋಬ್ ಕಳಚಿ, ಕೂಲಿಯವನ ಹಾಗೆ ತುಂಡು ಬಟ್ಟೆ ಸುತ್ತಿ, ತೂತುಕುಡಿಯಿಂದ ಕಡಲು ದಾಟಿ 1687ರಲ್ಲಿ ಜಾಫ್ನಾ ಸೇರಿದರು. ಸೇರುವ ಹೊತ್ತಿಗೆ ಜೀವ ಅರ್ಧ ಹೋಗಿತ್ತು. ರಕ್ತಭೇದಿ. ಇಬ್ಬರಿಗೂ ನಿಲ್ಲಲು ತ್ರಾಣ ಇಲ್ಲ. ಯಾರೋ ಒಬ್ಬ ಹೆಂಗಸು ದಿನಾ ಗಂಜಿ ತಂದು ಕುಡಿಸಿದಳಂತೆ.

ಮಾಯ್ ಕತೆ ಇಲ್ಲಿ ನಿಧಾನ ಆಗುತ್ತಿತ್ತು. ಗಂಜಿಗೆ ಅವಳು ಪೇಜ್ ಎನ್ನುತ್ತಿದ್ದಳು. ಎಂಥ ಪೇಜ್ ಇರಬೇಕು, ಕುಚ್ಚಲಕ್ಕಿಯದೋ ಬೆಳ್ತಿಗೆಯದೋ, ಭೇದಿಯವರಿಗೆ ತೆಳಿ ಮಾತ್ರ ಕೊಡಬೇಕು, ಆ ಹೆಂಗಸಿಗೆ ಅದು ಗೊತ್ತಿದ್ದಿರಬೇಕು. ಆಮೇಲೆ ಅವಳ ದೊಡ್ಡ ಪ್ರಶ್ನೆ. ‘ಪೇಜ್ ಅವಳು ತಂದಳು, ಸರಿ. ರಾತ್ರಿ ನೀರು ಯಾರು ತಂದ್ರು? ಬಟ್ಟೆ ಯಾರು ಒಗೆದ್ರು?’

ಮುದುಕಿಯ ಮನೆಯಲ್ಲಿ ಇದನ್ನು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ. ಆ ಮನೆಯಲ್ಲಿ ಕಾಯಿಲೆ ಬಿದ್ದವರ ಬಟ್ಟೆ ಒಗೆಯುತ್ತಿದ್ದದ್ದು ಅವಳೇ. ಅವಳಿಗೇ ಜ್ವರ ಬಂದಾಗ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಳಂತೆ. ಅದನ್ನು ಹೇಳಿದ್ದು ಒಂದೇ ಸಲ, ಅದೂ ಮಾತಿಗೆ ಮಾತು ಬಂದಾಗ.

ವಾಸಿಯಾದ ಮೇಲೆ ಇಬ್ಬರೂ ಭಿಕ್ಷೆಗೆ ಇಳಿದರು. ಇದು ನನಗೆ ಬಹಳ ಇಷ್ಟದ ಭಾಗ. ಕತ್ತಿನಲ್ಲಿ ಜಪಸರ ಹಾಕಿಕೊಂಡು ಮನೆಮನೆ ಬಾಗಿಲಿಗೆ ಹೋಗುವುದು. ಭಿಕ್ಷೆ ಹಾಕಲು ಬಂದವರ ಕಣ್ಣು ಆ ಸರದ ಮೇಲೆ ನಿಲ್ಲುತ್ತದೆಯೇ ಎಂದು ನೋಡುವುದು. ನಿಂತರೆ ಅದು ಕದ್ದು ಮುಚ್ಚಿ ಉಳಿದ ಕ್ರಿಸ್ತಾಂವರ ಮನೆ. ಆ ಮೇಲೆ ರಾತ್ರಿ ಹೊತ್ತು, ದೀಪ ಸಣ್ಣ ಮಾಡಿ, ಪೂಜೆ.

ಹೊಲಿಗೆಯವಳ ಕಣ್ಣಲ್ಲಿ ನೋಡಿ. ಒಂದೇ ಥರದ ಎರಡು ತುಂಡು ಬಟ್ಟೆ. ಒಂದೇ ಥರದ ಎರಡು ಭಿಕ್ಷಾಪಾತ್ರೆ. ಬಾಗಿಲು ತೆಗೆದ ಹೆಂಗಸಿಗೆ ಯಾರು ಧಣಿ, ಯಾರು ಆಳು ಎಂದು ಹೇಗೆ ಗೊತ್ತಾಗಬೇಕು? ಹತ್ತು ವರ್ಷದ ಹಿಂದೆ ಸಾಂಕವಾಳದಲ್ಲಿ ಬರೆದ ಆ ಗುಲಾಮಪತ್ರ ಇಲ್ಲಿ ನಿಜ ಆಯಿತು ಅಂತ ನನಗೆ ಅನ್ನಿಸುವುದು. ಇಗರ್ಜಿಯಲ್ಲಿ ಸಹಿ ಹಾಕಿದಾಗ ಅಲ್ಲ, ತನ್ನ ಆಳಿನ ಪಕ್ಕ ನಿಂತು ಕೈಯೊಡ್ಡಿದಾಗ. ಆದರೂ ಒಂದು ವ್ಯತ್ಯಾಸ ಉಳಿದೇ ಇತ್ತು. ವಾಜ್ ಅದನ್ನು ಆರಿಸಿಕೊಂಡರು. ಜುವಾಂವ್ ಹುಟ್ಟಿದ್ದೇ ಹಾಗೆ.

ಆಮೇಲಿನದು ಉದ್ದದ ಕತೆ. ಡಚ್ಚರ ಬೇಟೆ ಜೋರಾದಾಗ ಪುತ್ತಳಂಗೆ ಹೋದರು. 1692ರಲ್ಲಿ ಗುಡ್ಡದ ಮೇಲಿನ ಕ್ಯಾಂಡಿಗೆ ಹತ್ತಿದರು. ಅಲ್ಲಿ ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯ. ಪೋರ್ತುಗೀಸರ ಗೂಢಚಾರ ಬಂದಿದ್ದಾನೆ ಎಂದು ಫ್ರೆಂಚನೊಬ್ಬ ಕಿವಿಯೂದಿದ. ಹಿಡಿದು ಸೆರೆಗೆ ಹಾಕಿದರು, ಜುವಾಂವನನ್ನೂ ಸೇರಿಸಿ. ಸೆರೆಯಲ್ಲಿ ಕೂತು ವಾಜ್ ಸಿಂಹಳ ಕಲಿತರು. ತಮಿಳು ಮೊದಲೇ ಕಲಿತಿದ್ದರು. ಬರಬರುತ್ತಾ ದೊರೆಗೆ ಈ ಸಣಕಲ ಗೂಢಚಾರನಲ್ಲ ಎಂದು ಗೊತ್ತಾಯಿತು. 1696ರಲ್ಲಿ ಮಳೆ ಹೋಗಿ ಊರು ಒಣಗಿದಾಗ ಇವರು ಪ್ರಾರ್ಥನೆಗೆ ಕೂತರು, ಮಳೆ ಬಂತು, ಇವರು ಕೂತ ಜಾಗ ಮಾತ್ರ ನೆನೆಯಲಿಲ್ಲ ಎಂದು ಹೇಳುತ್ತಾರೆ. ಅದು ಹಾಗಿರಲಿ. ನನಗೆ ಆಶ್ಚರ್ಯ ತರುವುದು ಬೇರೆ. ಕ್ರಿಸ್ತಾಂವರಿಂದ ಓಡಿಬಂದ ಪಾದ್ರಿಗೆ ನೆರಳು ಕೊಟ್ಟದ್ದು ಬುದ್ಧನ ದೊರೆ.

ಮರುವರ್ಷ ಕ್ಯಾಂಡಿಗೆ ಸಿಡುಬು ಬಂತು. ನಮ್ಮಲ್ಲಿ ಹಿರಿಯರು ಆ ಹೆಸರು ಎತ್ತುವುದಿಲ್ಲ, ದೇವಿ ಬಂದಳು ಎನ್ನುತ್ತಾರೆ. ಮಾಯ್‌ನ ದೊಡ್ಡಕ್ಕ ದೇವಿ ಬಂದು ಹೋದವಳು. ಆಗ ನಮ್ಮ ಅಜ್ಜಿ, ದಿನಾ ಇಗರ್ಜಿಗೆ ಹೋಗುವವಳು, ಶಿರಸಿ ಮಾರಿಕಾಂಬೆಗೂ ಒಂದು ಸೀರೆ ಹೇಳಿಕೊಂಡಿದ್ದಳಂತೆ. ಪಾದ್ರಿಗೆ ಹೇಳಬೇಡ ಎಂದು ಎಲ್ಲರ ಬಾಯಿ ಕಟ್ಟಿದ್ದಳು. ಮಗು ಉಳಿಯಲಿಲ್ಲ, ಸೀರೆ ಮಾತ್ರ ಕೊಟ್ಟು ಬಂದಳು. ಕ್ಯಾಂಡಿಯಲ್ಲಿ ದೊರೆಯೇ ಊರು ಬಿಟ್ಟ. ಉಳ್ಳವರು ಹಿಂದೆಯೇ ಹೋದರು. ರೋಗ ತಗುಲಿದವರನ್ನು ಮನೆಯವರೇ ಕಾಡಿಗೆ ತಂದು ಬಿಟ್ಟರು. ವಾಜ್ ಮತ್ತು ಅವರ ಸೋದರಳಿಯ ಪಾದ್ರಿ ಜೋಸೆಫ್ ಕರ್ವಾಲ್ಹೊ ಊರಲ್ಲೇ ಉಳಿದರು. ಗುಡಿಸಲು ಹಾಕಿ ರೋಗಿಗಳನ್ನು ಹೊತ್ತು ತಂದರು. ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಬೌದ್ಧರು, ಕ್ರಿಸ್ತಾಂವರು ಎಂದು ನೋಡಲಿಲ್ಲ.

ಕೀವು ಹತ್ತಿದ ಬಟ್ಟೆ ಒಗೆಯುವ ಕೆಲಸವನ್ನು ಈ ಸಲ ಪಾದ್ರಿಯೇ ಮಾಡಿದರು. ಮಾಯ್‌ಗೆ ಅಷ್ಟು ಸಾಕಿತ್ತು. ಮಳೆ, ಬಂಡೆಯ ನೀರು ಇದನ್ನೆಲ್ಲ ಅವಳು ಎರಡು ಮಾತಲ್ಲಿ ಮುಗಿಸುತ್ತಿದ್ದಳು. ಸಿಡುಬಿನ ಗುಡಿಸಲಿಗೆ ಬಂದಾಗ ಮಾತ್ರ ಹೇಳುವುದು ನಿಲ್ಲಿಸಿ ಚಿತ್ರಕ್ಕೆ ಮುತ್ತು ಕೊಡುತ್ತಿದ್ದಳು. ಆ ಮೂಲೆಯ ಎಣ್ಣೆ ಅವಳ ತಲೆಯದು.

ಬಿಷಪ್ ಆಗಿ ಎಂದರೂ ಆಗಲಿಲ್ಲ. ಗೋವಾಕ್ಕೆ ಒಮ್ಮೆಯೂ ಮರಳಲಿಲ್ಲ. 24 ವರ್ಷ ಸಿಲೋನಿನ ಕಾಡು ಗುಡ್ಡ ಸುತ್ತಿ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಅರವತ್ತು ತುಂಬಿರಲಿಲ್ಲ.

ಮುದುಕಿಯ ಮನೆಯಲ್ಲಿ ಪ್ರತಿ ರಾತ್ರಿ ಅವರನ್ನು ಸಂತರನ್ನಾಗಿ ಮಾಡಪ್ಪಾ ಎಂದು ಬೇಡುತ್ತಿದ್ದರಂತೆ. ಮುದುಕಿಗೆ ಅದನ್ನು ನೋಡುವುದಾಗಲಿಲ್ಲ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೊಲಂಬೊಗೆ ಬಂದು ಅವರನ್ನು ಪುನೀತ ಎಂದು ಸಾರಿದರು, ಅದು ಸಂತ ಪದವಿಗೆ ಹಿಂದಿನ ಮೆಟ್ಟಿಲು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ಊರಿನ ಕಡಲಂಚಿನ ಮೈದಾನದಲ್ಲಿ ಸಂತ ಎಂದರು. ಸಂತ ಆಗಲು ಬೇಕಾದ ಎರಡನೇ ಪವಾಡವನ್ನು ಪೋಪ್ ಕೇಳಲೇ ಇಲ್ಲ, ಬೇಡ ಎಂದುಬಿಟ್ಟರು. ಅಣ್ಣನ ಮಗ ಮೊಬೈಲಿನಲ್ಲಿ ಹಾಕಿ ತೋರಿಸಿದ. ಮಾಯ್ ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಳು.

‘ಎಲ್ಲಾ ಹೇಳಿದ್ರು. ಜುವಾಂವನ್ನ ಹೇಳಲಿಲ್ಲ.’

‘ಮಾಯ್, ಅವನ್ಯಾರೋ ಆಳು.’

‘ಹೌದು, ಆಳು’ ಎಂದು ಎದ್ದು ಹೋದಳು. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಈ ಜನವರಿ 16ಕ್ಕೆ ನಾನು ಸಾಂಕವಾಳಕ್ಕೆ ಹೋದೆ. ಶಿರವಾಡ ಸ್ಟೇಷನ್ನಿನಿಂದ ಮಡಗಾಂವಕ್ಕೆ ರೈಲು, ಅಲ್ಲಿಂದ ಕುಠ್ಠಾಳಿ ಬಸ್ಸು. ಮದುವೆ ಸೀಜನ್ನು, ಅಂಗಡಿಯಲ್ಲಿ ಹನ್ನೆರಡು ಬ್ಲೌಸು ಬಾಕಿ, ಆದರೂ ಬೀಗ ಹಾಕಿ ಹೋದೆ. ಅವರು ಪತ್ರ ಬರೆದ ಹಳೇ ಇಗರ್ಜಿ ಈಗ ಇಲ್ಲ. 1834ರಲ್ಲಿ ಬೆಂಕಿ ಬಿದ್ದು ಮುಂದಿನ ಗೋಡೆಯೊಂದೇ ಉಳಿದಿದೆ. ಹಿಂದೆ ಏನೂ ಇಲ್ಲ, ಆಕಾಶ. ಹೊಲಿದು ಒಳಪದರ ಹಾಕದ ಬಟ್ಟೆಯ ಹಾಗೆ. ಚಪ್ಪರದಡಿ ಜನವೋ ಜನ. ಮೇಣದಬತ್ತಿ, ಕಡಲೆ ಮಿಠಾಯಿ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಎಲ್ಲ ಫೆಸ್ತಿನ, ಅಂದರೆ ಇಗರ್ಜಿ ಹಬ್ಬದ, ಹಾಗೇ. ನಾನು ಚಪ್ಪಲಿ ಬಿಟ್ಟು ಹೋಗಬೇಕು ಎಂದುಕೊಂಡಿದ್ದೆ. ಜಲ್ಲಿ ಕಲ್ಲು ಚುಚ್ಚಿ ಹತ್ತು ಹೆಜ್ಜೆಗೆ ಮತ್ತೆ ಹಾಕಿಕೊಂಡೆ.

ತೀರಿಕೊಂಡವರ ಹೆಸರಲ್ಲಿ ಪೂಜೆ ಬರೆಸಿಕೊಳ್ಳುವ ಮೇಜಿನ ಮುಂದೆ ಸಾಲು. ನನ್ನ ಪಾಳಿ ಬಂತು. ಮೇಜಿನ ಹಿಂದೆ ಒಬ್ಬ ಚಿಕ್ಕ ಹುಡುಗ, ಕಾಲೇಜಿನವನಿರಬೇಕು. ಮಾಯ್ ಹೆಸರು ಹೇಳಿದೆ, ಬರೆದ.

‘ಇನ್ನೊಂದು ಹೆಸರಿದೆ’ ಎಂದೆ. ‘ಜುವಾಂವ್.’

‘ಅಡ್ಡಹೆಸರು ಬಾಯಿ?’

‘ಬರೀ ಜುವಾಂವ್ ಅಂತ ಬರಿ.’

‘ನಿಮಗೇನಾಗಬೇಕು?’

‘ಮಾಯ್ ಕಡೆಯವನು.’

‘ತೀರಿಕೊಂಡು ಎಷ್ಟು ವರ್ಷ ಆಯ್ತು?’

‘ಮುನ್ನೂರಾಗಿರಬೇಕು.’

ಹುಡುಗ ಪೆನ್ನು ಎತ್ತಿ ನನ್ನ ಮುಖ ನೋಡಿದ. ನನ್ನ ಹಿಂದೆ ನಿಂತ ಹೆಂಗಸು ಬೇಗ ಮಾಡಿ ಎಂದಳು. ಅವನು ಮಾಯ್ ಹೆಸರಿನ ಕೆಳಗೆ ಜುವಾಂವ್ ಎಂದು ಬರೆದು, ರಸೀದಿ ಹರಿದು ಕೊಟ್ಟ.